ಅಕ್ಕನ ಶಾಲು ಮತ್ತು ಕೊಕ್ಕೆಸೂಜಿಯ ಇತಿಹಾಸ

ನಿವೃತ್ತ ಅಧ್ಯಾಪಕನ ಮನೆಯಲ್ಲಿ ಶಾಲುಗಳಿಗೆ ಬರಗಾಲವಿಲ್ಲ. ಬಂಟ್ವಾಳದ ನಮ್ಮ ಮನೆಯ ಕಪಾಟಿನಲ್ಲಿ ಸನ್ಮಾನದ ಜರಿಶಾಲುಗಳು ಮಡಿಕೆ ಬಿಚ್ಚದೆ ಕುಳಿತಿವೆ. ಅವುಗಳ ನಡುವೆ ಹೊದೆಯಬೇಕೆನಿಸುವುದು ಒಂದೇ: ಬೆಳ್ತಂಗಡಿಯ ನನ್ನ ಅಕ್ಕ ಕ್ರೋಶಾ ಕಡ್ಡಿಯಲ್ಲಿ ಹೆಣೆದ ನೀಲಿ ಉಲ್ಲನ್ ಶಾಲು. ೧೯೮೬ರಲ್ಲಿ ನನಗೆ ಘಟ್ಟದ ಮೇಲಕ್ಕೆ ವರ್ಗವಾದಾಗ, ಚಾರ್ಮಾಡಿ ಹತ್ತುವ ಮೊದಲು ಅವಳು ಕೈಗಿತ್ತದ್ದು. ಅಕ್ಕ ಈಗಿಲ್ಲ.

ನಮ್ಮ ಸೀಮೆಯ ಇತಿಹಾಸವೆಂದರೆ ಬಸದಿಗಳು, ಅರಸುಮನೆತನಗಳು, ನೇತ್ರಾವತಿಯ ನೆರೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿ ೧೪೩೦ರದೆಂದು ಮೂವತ್ತು ವರ್ಷ ಪಾಠ ಹೇಳಿದ ನಾನು, ಸಂಜೆಯ ಹೊತ್ತು ಜಗಲಿಗಳಲ್ಲಿ ಓಡುತ್ತಿದ್ದ ಈ ಕಡ್ಡಿಯ ಕುರಿತು ಒಂದು ವಾಕ್ಯವನ್ನೂ ಹೇಳಲಿಲ್ಲ.

ಕ್ರೋಶಾ ಯುರೋಪಿನಲ್ಲಿ ಪ್ರಚಾರಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ೧೮೪೫ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆ ನಾಶವಾಗಿ ಜನ ಹಸಿವಿನಿಂದ ಸತ್ತಾಗ, ಅಲ್ಲಿನ ಸನ್ಯಾಸಿನಿಯರು ಬಡ ಹೆಂಗಸರಿಗೆ ಈ ಹೆಣಿಗೆಯನ್ನು ಕಲಿಸಿ ಅನ್ನಕ್ಕೆ ದಾರಿ ಮಾಡಿದರು. ಮಂಗಳೂರಿಗೆ ಬಾಸೆಲ್ ಮಿಷನ್ ೧೮೩೪ರಲ್ಲಿ ಬಂದಿತು. ಅಪೊಸ್ತಲಿಕ್ ಕಾರ್ಮೆಲ್ ಸನ್ಯಾಸಿನಿಯರು ೧೮೭೦ರಲ್ಲಿ ಬಂದರು. ಮಿಷನ್ ಮತ್ತು ಕಾನ್ವೆಂಟಿನ ಹೆಣ್ಣುಮಕ್ಕಳ ಶಾಲೆಗಳಲ್ಲಿ ಸೂಜಿಕೆಲಸವೂ ಪಾಠವೇ ಆಗಿತ್ತು. ಅಕ್ಕ ಕಲಿತದ್ದು ಮೂಡುಬಿದಿರೆಯಲ್ಲಿ, ಹೊಲಿಗೆ ಟೀಚರೊಬ್ಬರಿಂದ.

ಆಂಧ್ರದ ನರಸಾಪುರದಲ್ಲಿ ಇದೇ ಕಡ್ಡಿ ದೊಡ್ಡ ರಫ್ತು ಉದ್ಯಮವಾಯಿತು. ಅಲ್ಲಿನ ಲೇಸು ಹೆಣೆಯುವವರ ಕುರಿತು ಮರಿಯಾ ಮೀಸ್ ೧೯೮೨ರಲ್ಲಿ ಪುಸ್ತಕವನ್ನೇ ಬರೆದರು. ದಿನವಿಡೀ ದುಡಿಯುವ ಆ ಹೆಂಗಸರನ್ನು ಸಮಾಜ ಕಾರ್ಮಿಕರೆಂದು ಎಣಿಸದೆ, ಬಿಡುವಿನ ವೇಳೆ ಕಳೆಯುವ ಗೃಹಿಣಿಯರೆಂದೇ ತಿಳಿದಿತ್ತು ಎಂಬುದು ಅವರ ವಾದ. ಓದಿದಾಗ ನಾಚಿಕೆಯಾಯಿತು. ‘ಅಕ್ಕನಿಗೆ ಹೊತ್ತು ಹೋಗುವುದಿಲ್ಲ, ಅದಕ್ಕೆ ಹೆಣೆಯುತ್ತಾಳೆ’ ಎಂದು ನಾನೂ ಹೇಳಿದವನೇ. ಆ ತೋರಣಗಳ, ಟಿವಿ ಹೊದಿಕೆಗಳ ದುಡ್ಡಿನಿಂದ ಅವಳ ಮಗನ ಶಾಲೆಯ ಫೀಸು ಹೋಗುತ್ತಿತ್ತು.

ಇನ್ನು ನೂಲಿನ ಮಾತು. ಉಲ್ಲನ್ ಎಂದು ನಾವು ಕೊಳ್ಳುವುದರಲ್ಲಿ ಹೆಚ್ಚಿನದು ಕುರಿಯ ಮೈಮೇಲಿನದಲ್ಲ, ಅಕ್ರಿಲಿಕ್. ಅಮೆರಿಕದ ಡ್ಯೂಪಾಂಟ್ ಕಂಪೆನಿ ೧೯೫೦ರಲ್ಲಿ ಆರ್ಲಾನ್ ಎಂಬ ಹೆಸರಿನಿಂದ ಇದನ್ನು ಮಾರುಕಟ್ಟೆಗಾಗಿ ತಯಾರಿಸತೊಡಗಿತು. ಅಗ್ಗ, ಬಣ್ಣ ಗಾಢ, ನುಸಿ ಹಿಡಿಯದು. ಆದರೆ ಉಣ್ಣೆ ಗಾಳಿಯ ತೇವವನ್ನು ತನ್ನ ತೂಕದ ಶೇಕಡಾ ಸುಮಾರು ೧೬ರಷ್ಟು ಹೀರಿದರೆ, ಇದು ೨ರ ಆಸುಪಾಸು. ಉಣ್ಣೆಯನ್ನು ಒದ್ದೆಮಾಡಿ ಹರಡಿ ಒಣಗಿಸಿದರೆ ಆಕಾರ ನಿಲ್ಲುತ್ತದೆ. ಅಕ್ರಿಲಿಕ್ ಒಣಗಿದೊಡನೆ ಮತ್ತೆ ಮುದುಡುತ್ತದೆ. ಅದು ಬಗ್ಗುವುದು ಬಿಸಿಗೆ.

ಹೆಗಲ ಮೇಲೆ ಹಲಗೆಯಂತೆ ನಿಲ್ಲುತ್ತಿದ್ದ ಶಾಲನ್ನು ಮೆದುಮಾಡಲು ನಾನು ಅಂದು ಗೆರಟೆ ಕೆಂಡದ ಇಸ್ತ್ರಿಪೆಟ್ಟಿಗೆಯನ್ನು ನೇರವಾಗಿ ಒತ್ತಿಬಿಟ್ಟೆ. ಒಂದು ಮೂಲೆ ಚಪ್ಪಟೆಯಾಗಿ, ಮಿರುಗಿ, ಜೀವ ಹೋದಂತೆ ಜೋತುಬಿದ್ದಿತು. ರಜೆಯಲ್ಲಿ ಬಂದಾಗ ಆ ಮೂಲೆಯನ್ನು ಒಳಗೆ ಮಡಚಿ ಹೊದ್ದಿದ್ದೆ. ಅಕ್ಕನ ಕಣ್ಣು ತಪ್ಪಿಸಲಾದೀತೇ! “ತಮ್ಮಾ, ಇದು ಹತ್ತಿಯಲ್ಲ ಮಾರಾಯಾ. ಇದಕ್ಕೆ ಹಬೆ ಮಾತ್ರ ತಾಗಬೇಕು, ಕಬ್ಬಿಣ ತಾಗಬಾರದು,” ಎಂದಳು. ಮಾಡಿ ತೋರಿಸುತ್ತೇನೆ ಎಂದೂ ಹೇಳಿದ್ದಳು. ನನಗೆ ಪುರುಸೊತ್ತಾಗಲಿಲ್ಲ.

ಕಳೆದ ಚಳಿಗಾಲದಲ್ಲಿ ನಾನೂ ಮನೆಯವಳೂ ಸೇರಿ ಆ ಕೆಲಸಕ್ಕೆ ಕುಳಿತೆವು. ಚಾಪೆಯ ಮೇಲೆ ದಪ್ಪ ಜಮಖಾನೆ ಹಾಸಿ, ಶಾಲನ್ನು ಚೌಕವಾಗಿ ಹರಡಿ, ಅಂಚಿಗೆ ಗುಂಡುಸೂಜಿ ಚುಚ್ಚಿದೆವು. ಹಬೆ ಬಿಡುವ ಇಸ್ತ್ರಿಪೆಟ್ಟಿಗೆಯನ್ನು ಒಂದಂಗುಲ ಮೇಲೆಯೇ ಹಿಡಿದು, ನೂಲಿಗೆ ತಾಗಿಸದೆ ಮೆಲ್ಲನೆ ಸಾಗಿಸಿದೆವು. ನೀರು ಕುದಿಯುವಷ್ಟು ಬಿಸಿ ಬೇಕಾಗಿಲ್ಲ. ಅದಕ್ಕಿಂತ ಕೆಳಗೇ ಈ ನಾರು ತೇವದಲ್ಲಿ ಸಡಿಲಗೊಳ್ಳುತ್ತದೆ. ಬಿಸಿ ಮಿತಿಮೀರಿದರೆ ಹಿಂದಿನ ಸ್ಥಿತಿಗೆ ತರುವ ಉಪಾಯವಿಲ್ಲ. ಪೂರ್ತಿ ತಣಿಯುವವರೆಗೆ ಸೂಜಿ ಕೀಳಬಾರದು. ಅವಸರದವನಾದ ನನ್ನನ್ನು ಮನೆಯವಳು ಕಾಫಿ ಕೊಟ್ಟು ಹೊರಗೆ ಕೂರಿಸಿದಳು.

ಮಧ್ಯಾಹ್ನ ಎತ್ತಿಕೊಂಡಾಗ ಶಾಲು ಕೈಯಿಂದ ನೀರಿನಂತೆ ಇಳಿಯಿತು. ಮಿರುಗುವ ಮೂಲೆ ಹಾಗೆಯೇ ಇದೆ. ಅದನ್ನು ಈಗ ಹೊರಗೆ ಕಾಣುವಂತೆಯೇ ಹೊದೆಯುತ್ತೇನೆ.