ಗಾಜಿನ ಮೇಲೊಂದು ಹೆಪ್ಪು

ಕೋಲಾರ ಜಿಲ್ಲೆಯ ಹೋಳೂರಿನ ಕಡೆ ಟೊಮೆಟೊಗೆ ಔಷಧಿ ಹೊಡೆಯುವವರನ್ನು ಗಮನಿಸಿ. ಸಾಲಿಗಿಳಿಯುವ ಮೊದಲು ನಾಝಲ್ ತಿರುಗಿಸಿ, ಗಾಳಿಗೆ ಒಮ್ಮೆ ಬಿಟ್ಟು ನೋಡುತ್ತಾರೆ. ಹನಿ ದಪ್ಪವಾದರೆ ಎಲೆಯಿಂದ ಜಾರಿ ಮಣ್ಣು ಸೇರುತ್ತದೆ. ಮಂಜಿನಂತಾದರೆ ಎಲೆಯಿಡೀ ಒಂದೇ ಸಮ ಕೂರುತ್ತದೆ. ಬೆಳಕನ್ನು ಗುರುತಿಸುವ ಲೋಹದ ಆಕ್ಸೈಡ್ ತೆಳುಪದರಗಳನ್ನು ಮಾಡುವವರಿಗೂ ಇದೇ ಚಿಂತೆ. ಸತುವಿನ ಅಸಿಟೇಟನ್ನು ಕರಗಿಸಿ, ಚಿಟಿಕೆ ಅಲ್ಯೂಮಿನಿಯಂ ಲವಣ ಬೆರೆಸಿ, ಸುಮಾರು 400 ಡಿಗ್ರಿಗೆ ಕಾದ ಗಾಜಿನ ಮೇಲೆ ಸಿಂಪಡಿಸುತ್ತಾರೆ. ದ್ರಾವಕ ಆವಿಯಾಗಿ, ಅಸಿಟೇಟ್ ಒಡೆದು, ಕೂದಲಿಗಿಂತ ನೂರಾರು ಪಟ್ಟು ತೆಳುವಾದ ಸತುವಿನ ಆಕ್ಸೈಡ್ ಪದರ ಉಳಿಯುತ್ತದೆ.

ಆ ಚಿಟಿಕೆಯೇ ಇಲ್ಲಿ ಮುಖ್ಯ. ಅದನ್ನು ಡೋಪಿಂಗ್ ಎನ್ನುತ್ತಾರೆ. ಹಾಲಿನ ಜಿಲ್ಲೆಯವರಿಗೆ ಹೆಪ್ಪು ಎಂದರೆ ಬೇಗ ತಿಳಿದೀತು. ಸತುವಿನ ಜಾಗದಲ್ಲಿ ಕೂತ ಅಲ್ಯೂಮಿನಿಯಂ ಪರಮಾಣು ಒಂದು ಎಲೆಕ್ಟ್ರಾನನ್ನು ಹರಿದಾಡಲು ಬಿಟ್ಟುಕೊಡುತ್ತದೆ. ಹೆಪ್ಪು ಹೆಚ್ಚಾದರೆ ಮೊಸರು ಹುಳಿಯಾಗುವಂತೆ, ಬೆರಕೆ ಹೆಚ್ಚಾದರೆ ಪದರದಲ್ಲಿ ಕತ್ತಲಲ್ಲೂ ವಿದ್ಯುತ್ ಧಾರಾಳವಾಗಿ ಹರಿಯುತ್ತದೆ. ಆಮೇಲೆ ಬೆಳಕು ಬಂದದ್ದು ಗೊತ್ತಾಗುವುದೇ ಇಲ್ಲ.

ಬೆಳಕು ಹಿಡಿಯುವ ಈ ವಿದ್ಯೆಗೆ ನೂರು ವರ್ಷ ಮೀರಿದೆ. ಜಗದೀಶಚಂದ್ರ ಬೋಸರಿಗೆ ಗೆಲೀನ ಹರಳಿನ ಗ್ರಾಹಕಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿದ್ದು 1904ರಲ್ಲಿ. ಅದು ಆಕ್ಸೈಡ್ ಅಲ್ಲ, ಸೀಸದ ಸಲ್ಫೈಡ್. 1907ರಲ್ಲಿ ಜರ್ಮನಿಯ ಕಾರ್ಲ್ ಬೇಡೆಕರ್ ತೆಳುವಾದ ಕ್ಯಾಡ್ಮಿಯಂ ಪದರವನ್ನು ಗಾಳಿಯಲ್ಲಿ ಕಾಯಿಸಿ, ಅದು ಪಾರದರ್ಶಕವೂ ವಿದ್ಯುದ್ವಾಹಕವೂ ಆಗುವುದನ್ನು ಕಂಡರು. 1920-30ರ ದಶಕಗಳಲ್ಲಿ ತಾಮ್ರದ ಆಕ್ಸೈಡಿನ ದ್ಯುತಿಕೋಶಗಳು ಬಂದವು. ಮುಂದೆ ಸಿಲಿಕಾನ್ ಎಲ್ಲವನ್ನೂ ಬದಿಗೆ ಸರಿಸಿತು. ತವರ ಬೆರೆಸಿದ ಇಂಡಿಯಂ ಆಕ್ಸೈಡ್ ಮಾತ್ರ ಪರದೆಗಳ ಗಾಜಿನ ಮೇಲೆ ಪಾರದರ್ಶಕ ತಂತಿಯಾಗಿ ಉಳಿಯಿತು.

ಬೆಳಕು ಹಿಡಿಯುವ ಕೆಲಸದಲ್ಲಿ ಕೋಲಾರ ಜಿಲ್ಲೆಗೆ ತನ್ನದೇ ಆದ ಪಾಲಿದೆ. 1965ರಲ್ಲಿ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಸುಳಿವು ಸಿಕ್ಕಿತು. ಎಂ.ಜಿ.ಕೆ. ಮೆನನ್, ಬಿ.ವಿ. ಶ್ರೀಕಂಠನ್ ಮೊದಲಾದವರ ಆ ಪ್ರಯೋಗದಲ್ಲಿ ಪ್ಲಾಸ್ಟಿಕ್ ಸಿಂಟಿಲೇಟರಿನ ಮಿನುಗನ್ನು ಹಿಡಿದದ್ದು ಫೋಟೋಮಲ್ಟಿಪ್ಲೈಯರ್ ಎಂಬ ಗಾಜಿನ ನಿರ್ವಾತ ನಳಿಗೆ. ಅಷ್ಟು ಕ್ಷೀಣ, ಅಷ್ಟು ಕ್ಷಣಿಕ ಬೆಳಕನ್ನು ನಮ್ಮ ಸಿಂಪಡಿಸಿದ ಪದರ ಹಿಡಿಯಲಾರದು. ಅದರ ಗುಣ ಬೇರೆ: ಅಗ್ಗ, ಗಟ್ಟಿ, ಎಷ್ಟು ಅಗಲ ಬೇಕಾದರೂ ಹರಡಬಹುದು.

ಈ ಅಗ್ಗದ ದಾರಿಯಲ್ಲಿ ಬೆಂಗಳೂರಿನ ಕೊಡುಗೆ ದೊಡ್ಡದು. ಅದಕ್ಕೆ ತಕ್ಕ ಹೆಸರು ನಮ್ಮಲ್ಲಿ ಬಂದಿಲ್ಲವೆಂಬ ಬೇಸರ ನನಗಿದೆ. 1988ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕೆ.ಸಿ. ಪಾಟೀಲ ಮತ್ತು ಜೆ.ಜೆ. ಕಿಂಗ್ಸ್ಲಿ, ಅಲ್ಯೂಮಿನಿಯಂ ನೈಟ್ರೇಟಿನ ಜೊತೆ ಯೂರಿಯಾ ಸೇರಿಸಿ 500 ಡಿಗ್ರಿ ಕುಲುಮೆಯಲ್ಲಿಟ್ಟರು. ಮಿಶ್ರಣ ಕುದಿದು, ನೊರೆಯೆದ್ದು, ತಾನೇ ಹೊತ್ತಿ ಉರಿಯಿತು. ಐದೇ ನಿಮಿಷದಲ್ಲಿ ಬೆಳ್ಳಗಿನ ಅಲ್ಯೂಮಿನಾ ಸಿದ್ಧ. ಹೊಲಕ್ಕೆ ಚೆಲ್ಲುವ ಯೂರಿಯಾ ಇಲ್ಲಿ ಸೌದೆಯಾಯಿತು. 2011ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು ಈ ದಹನ ತತ್ವವನ್ನೇ ತೆಳುಪದರಕ್ಕೆ ತಂದರು. ಬೇಕಾದ ಕಾವು ಪದರದೊಳಗೇ ಹುಟ್ಟುವುದರಿಂದ ಹೊರಗಿನಿಂದ 200 ಡಿಗ್ರಿ ಕೊಟ್ಟರೂ ಸಾಕಾಯಿತು. ಗಾಜಷ್ಟೇ ಅಲ್ಲ, ಬಳುಕುವ ಪ್ಲಾಸ್ಟಿಕ್ ಮೇಲೂ ಆಕ್ಸೈಡ್ ಕೂರಿಸುವ ದಾರಿ ತೆರೆಯಿತು.

ಯಾವ ಬೆಳಕನ್ನು ಹಿಡಿಯಬೇಕೆಂಬುದನ್ನೂ ಬೆರಕೆಯೇ ತಿದ್ದುತ್ತದೆ. ಸತುವಿನ ಆಕ್ಸೈಡಿನ ಶಕ್ತಿ ಅಂತರ 3.37 ಎಲೆಕ್ಟ್ರಾನ್ ವೋಲ್ಟ್. ಅಂದರೆ ಸುಮಾರು 368 ನ್ಯಾನೋಮೀಟರಿಗಿಂತ ಗಿಡ್ಡ ಅಲೆಯ ಅತಿನೇರಳೆ ಕಿರಣವನ್ನು ಅದು ಹೀರುತ್ತದೆ, ಕಣ್ಣಿಗೆ ಕಾಣುವ ಬೆಳಕನ್ನು ದಾಟಿಹೋಗಲು ಬಿಡುತ್ತದೆ. ಮೆಗ್ನೀಸಿಯಂ ಬೆರೆಸಿದರೆ ಈ ಗಡಿ ಇನ್ನೂ ಗಿಡ್ಡ ಅಲೆಗಳತ್ತ ಸರಿಯುತ್ತದೆ. ಗ್ಯಾಲಿಯಂ ಆಕ್ಸೈಡ್ 280 ನ್ಯಾನೋಮೀಟರಿಗಿಂತ ಕೆಳಗೇ ನಿಲ್ಲುತ್ತದೆ. ಸೂರ್ಯನ ಅಂಥ ಕಿರಣಗಳನ್ನು ಓಝೋನ್ ಮೇಲೆಯೇ ತಡೆಯುವುದರಿಂದ, ಈ ಪದರ ನಡುಹಗಲಲ್ಲೂ ಬಿಸಿಲಿಗೆ ಮೋಸಹೋಗದೆ ಬೆಂಕಿಯ ಜ್ವಾಲೆಯನ್ನು ಗುರುತಿಸಬಲ್ಲದು. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ಕೇಂದ್ರದವರು 2017ರಲ್ಲಿ ಇಂಥ ಸಂವೇದಕವೊಂದನ್ನು ಪ್ರಕಟಿಸಿದರು.

ಇಷ್ಟಾದರೂ ಹಳೆಯ ತೊಡಕೊಂದು ಬಿಟ್ಟಿಲ್ಲ. ಕತ್ತಲಲ್ಲಿ ಗಾಳಿಯ ಆಮ್ಲಜನಕ ಪದರದ ಮೇಲೆ ಕೂತು ಎಲೆಕ್ಟ್ರಾನುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಅತಿನೇರಳೆ ಬಿದ್ದಾಗ ಆಮ್ಲಜನಕ ಕಳಚಿಹೋಗಿ ವಿದ್ಯುತ್ ಏರುತ್ತದೆ. ಬೆಳಕು ಆರಿದ ಮೇಲೆ ಆಮ್ಲಜನಕ ಮರಳುವುದು ನಿಧಾನ. ಏರಿದ ವಿದ್ಯುತ್ ಇಳಿಯಲು ಕೆಲವೊಮ್ಮೆ ನಿಮಿಷಗಳು, ಕೆಲವೊಮ್ಮೆ ಗಂಟೆಗಳೇ ಬೇಕು. ಪ್ರಬಂಧಗಳು ಸಂವೇದನೆ ಎಷ್ಟು ಪಟ್ಟು ಹೆಚ್ಚಿತೆಂದು ಮೊದಲು ಹೇಳುತ್ತವೆ. ನಾನು ಮಾತ್ರ ಮೊದಲು ಹುಡುಕುವುದು ಬೆಳಕು ಆರಿದ ಮೇಲಿನ ಗೆರೆಯನ್ನು. ಲಿಥಿಯಂ ಬೆರೆಸಿದ ನಿಕ್ಕಲ್ ಆಕ್ಸೈಡನ್ನು ಸತುವಿನ ಪದರಕ್ಕೆ ಜೋಡಿಸಿ ಸಂಧಿ ಮಾಡಿದರೆ, ಅಲ್ಲಿನ ವಿದ್ಯುತ್ ಕ್ಷೇತ್ರ ಎಲೆಕ್ಟ್ರಾನುಗಳನ್ನು ಕೂಡಲೇ ಎಳೆದು ಬೇರೆಮಾಡುತ್ತದೆ. ಈ ಜಡತೆ ಬಹಳ ಕಡಿಮೆಯಾಗುತ್ತದೆ. ಬರೀ ಸಿಂಪಡಿಸಿದ ಒಂಟಿ ಪದರವನ್ನು ಜೂನ್ ತಿಂಗಳಲ್ಲಿ ಶ್ರೀನಿವಾಸಪುರದ ಮಾವಿನ ತೋಪಿನ ಬದುವಿನಲ್ಲಿಟ್ಟರೆ, ಅರ್ಧ ನಿಮಿಷದಲ್ಲಿ ಹಾದುಹೋಗುವ ಮೋಡದ ನೆರಳು ಅದಕ್ಕೆ ತಟ್ಟುವುದೇ ಇಲ್ಲ.