ಫ್ಲಮೆಂಕೊ ಗಿಟಾರಿನ ಸ್ವರಗುಚ್ಛಗಳು

ಸ್ಪೇನಿನ ಗ್ರಾನಡಾದಲ್ಲಿ 1922ರ ಜೂನ್ ತಿಂಗಳಿನಲ್ಲಿ ಸಂಗೀತಕಾರ ಮನುಯೆಲ್ ದ ಫಾಯಾ, ಕವಿ ಫೆಡರಿಕೊ ಗಾರ್ಸಿಯಾ ಲೋರ್ಕಾ ಮೊದಲಾದವರು 'ಕಾಂತೆ ಹೊಂಡೊ' ಗಾಯನಸ್ಪರ್ಧೆಯನ್ನು ಏರ್ಪಡಿಸಿದರು. ಆಂಡಲೂಸಿಯದ ಆ ಹಳೆಯ ಹಾಡುಗಾರಿಕೆ ನಶಿಸುತ್ತಿದೆಯೆಂಬುದು ಅವರ ಆತಂಕವಾಗಿತ್ತು. ಫಾಯಾ ಆ ಸಂದರ್ಭದಲ್ಲಿ ಬರೆದ ಕಿರುಹೊತ್ತಿಗೆಯಲ್ಲಿ ಗಿಟಾರಿಗೂ ಸ್ಥಾನವಿತ್ತು. ಅದರ ಕಾರಣವನ್ನು ವಾದ್ಯದಲ್ಲಿಯೇ ಅರಸಬೇಕು.

ಈ ಹಾಡುಗಳಲ್ಲಿ ಹಲವು ಫ್ರಿಜಿಯನ್ ಶ್ರೇಣಿಯನ್ನು ಅನುಸರಿಸುತ್ತವೆ. ಇ ಸ್ವರವನ್ನು ಆಧಾರವಾಗಿಟ್ಟರೆ ಅದು ಇ, ಎಫ್, ಜಿ, ಎ, ಬಿ, ಸಿ, ಡಿ ಎಂದಾಗುತ್ತದೆ. ಸ್ವರಸ್ಥಾನಗಳಲ್ಲಿ ನಮ್ಮ ಹನುಮತೋಡಿಗೆ ಸಮಾನ. ಒಂದು ಬಿಟ್ಟು ಒಂದು ಸ್ವರವನ್ನು ಕೂಡಿಸುವ ಪಾಶ್ಚಾತ್ಯ ನಿಯಮದಂತೆ ಆಧಾರದ ಮೇಲೆ ಇ, ಜಿ, ಬಿ ಎಂಬ ಮೈನರ್ ಕಾರ್ಡ್ ದೊರೆಯಬೇಕು. ಫ್ಲಮೆಂಕೊ ವಾದಕನಾದರೋ ಎ ಮೈನರ್, ಜಿ, ಎಫ್ ಎಂದು ಇಳಿದುಬಂದು, ಜಿ ಶಾರ್ಪ್ ಇರುವ ಇ ಮೇಜರಿನಲ್ಲಿ ನೆಲೆಗೊಳ್ಳುತ್ತಾನೆ. ಹೀಗೆ ಒಂದೇ ಹಾಡಿನಲ್ಲಿ ಸಾಧಾರಣ, ಅಂತರ ಗಾಂಧಾರಗಳೆರಡೂ ಸಲ್ಲುತ್ತವೆ.

ಗಿಟಾರಿನ ಆರು ಬಿಡಿ ತಂತಿಗಳೂ ಈ ಶ್ರೇಣಿಯವೇ. ಎಫ್ ಕಾರ್ಡನ್ನು ಹಿಡಿದಾಗಲೂ ಮೇಲಿನ ಇ ತಂತಿಯನ್ನು ಬಿಡಿಯಾಗಿ ಮೀಟಬಹುದು. ಆಧಾರಸ್ವರಕ್ಕೂ ನೆರೆಯ ಶುದ್ಧ ರಿಷಭಕ್ಕೂ ಆಗುವ ಘರ್ಷಣೆಯೇ ಇದರ ಛಾಪು. ಈ ಸ್ವರಗುಚ್ಛಗಳು ನಿಯಮದಿಂದಲ್ಲ, ಕೈ ಮತ್ತು ಕಿವಿಯ ರೂಢಿಯಿಂದ ಹುಟ್ಟಿದವು. ಜನಪದ ಸಂಗೀತವನ್ನು ಸ್ವರಪಟ್ಟಿಯಿಂದಷ್ಟೇ ವರ್ಗೀಕರಿಸುವ ಅಧ್ಯಯನಗಳಿಗೆ ಇದೊಂದು ಎಚ್ಚರಿಕೆ: ಪಟ್ಟಿಯಲ್ಲಿ ಒಂದೇ ಗಾಂಧಾರವನ್ನು ಬರೆದುಕೊಂಡವನು ಹಾಡಿನ ಅರ್ಧವನ್ನಷ್ಟೇ ದಾಖಲಿಸಿರುತ್ತಾನೆ.