‘ಹಿ’ ಅಂದರೆ ಯಾರು? : ನಮ್ಮ ಭಾಗದ ಇಂಗ್ಲಿಷ್ ಪಾಠದ ಒಂದು ನೆನಪು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಹಳ್ಳಿಗಳಿಂದ ಬುತ್ತಿ ಕಟ್ಟಿಕೊಂಡು ನಡೆದು ಬರುತ್ತಿದ್ದ ಮಕ್ಕಳಿಗೆ ಹೈಸ್ಕೂಲಿನಲ್ಲಿ ಎದುರಾಗುತ್ತಿದ್ದ ದೊಡ್ಡ ಗುಡ್ಡವೆಂದರೆ ಇಂಗ್ಲಿಷ್. ಆ ಗುಡ್ಡದ ಒಂದು ಸಣ್ಣ ಕಲ್ಲಿನ ಕಥೆಯನ್ನು ಈ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಹೇಳಬಯಸುತ್ತೇನೆ.

1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಹಳ್ಳಿಯ ಜಾಣ ಹುಡುಗರ ಗುರಿ ಆಗ ಮುಲ್ಕಿ ಪರೀಕ್ಷೆ. ಕನ್ನಡದಲ್ಲಿಯೇ ಬರೆಯುವ ಆ ಪರೀಕ್ಷೆ ಪಾಸಾದವರಿಗೆ ಮಾಸ್ತರಿಕೆಯ ದಾರಿ ತೆರೆಯುತ್ತಿತ್ತು. ಇಂಗ್ಲಿಷ್ ಬೇಕೆನ್ನುವವರು ಪೇಟೆಯ ಶಾಲೆ ಸೇರಬೇಕು, ಇಲ್ಲವೇ ಆಗಿನ ಇಂಡಿ ತಾಲೂಕಿನ ಹಲಸಂಗಿಯ ಮಧುರಚೆನ್ನರಂತೆ ಸ್ವಂತ ಬಲದಿಂದ ಕಲಿಯಬೇಕು. ಸ್ವಾತಂತ್ರ್ಯ ಬಂದ ಮೇಲೆ ಮುಂಬಯಿ ಸರಕಾರ ಇಂಗ್ಲಿಷನ್ನು ಎಂಟನೆಯ ಇಯತ್ತೆಗೆ ಮುಂದೂಡಿತು. ಹೈಸ್ಕೂಲಿನ ಹೊಸ್ತಿಲಲ್ಲಿ ಅಕ್ಷರಮಾಲೆ, ಮೂರು ನಾಲ್ಕು ವರ್ಷಗಳಲ್ಲಿಯೇ ಬೋರ್ಡಿನ ಪರೀಕ್ಷೆ! ಮಾಸ್ತರರ ಮೇಜಿನ ಮೇಲೆ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ. ಆ ರೆನ್ ಸಾಹೇಬರು ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿಯೇ ದುಡಿದವರು, ಕಾದಂಬರಿಕಾರರೂ ಹೌದು.

ನಾನು ಶಿಕ್ಷಕನಾದ ಹೊಸತು. ಡೈರೆಕ್ಟ್–ಇನ್‌ಡೈರೆಕ್ಟ್ ಸ್ಪೀಚ್ ಪಾಠ ನಡೆದಿತ್ತು. ‘ರವಿ ಟೋಲ್ಡ್ ಸುರೇಶ್ ದ್ಯಾಟ್ ಹಿ ಹ್ಯಾಡ್ ಪಾಸ್ಡ್’ ಎಂದು ಫಲಕದ ಮೇಲೆ ಬರೆದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, “ಸರ್, ‘ಹಿ’ ಅಂದ್ರ ಯಾರ್ರೀ? ಪಾಸಾದಾಂವ ರವಿನೋ, ಸುರೇಶನೋ?” ಎಂದ. ತರಗತಿ ಘೊಳ್ಳೆಂದು ನಕ್ಕಿತು. “ಅಷ್ಟೂ ತಿಳಿಯೂದಿಲ್ಲೇನು? ಕೂಡು” ಎಂದು ಗದರಿಸಿದೆ. ಅವನು ಮತ್ತೆ ಆ ವರ್ಷ ಎದ್ದು ನಿಲ್ಲಲಿಲ್ಲ.

ರಾತ್ರಿ ಪುಸ್ತಕ ತೆರೆದು ನೋಡಿದರೆ ಹುಡುಗನ ಮಾತೇ ಸರಿ. ರವಿ ‘ನಾನು ಪಾಸಾದೆ’ ಎಂದಿರಬಹುದು, ‘ನೀನು ಪಾಸಾದಿ’ ಎಂದೂ ಇರಬಹುದು. ಇಂಗ್ಲಿಷಿನಲ್ಲಿ ಇನ್‌ಡೈರೆಕ್ಟ್ ಮಾಡಿದ ಕೂಡಲೇ ‘ಐ’, ‘ಯು’ ಎರಡೂ ಹೋಗಿ ಒಂದೇ ‘ಹಿ’ ಉಳಿಯುತ್ತದೆ. ಸರ್ವನಾಮ ಯಾವ ಹೆಸರಿಗೆ ಸೇರಿದ್ದೆಂದು ಆ ವಾಕ್ಯವೇ ಹೇಳುವುದಿಲ್ಲ. ಹೆಸರನ್ನು ಮತ್ತೊಮ್ಮೆ ಬರೆಯಬೇಕು, ಇಲ್ಲವೇ ಆಡಿದ ಮಾತನ್ನು ಇದ್ದಂತೆಯೇ ಇಡಬೇಕು.

ಅವನಿಗೆ ಆ ಪ್ರಶ್ನೆ ಹೊಳೆದದ್ದು ಏಕೆ? ಅವನ ತಾಯಿನುಡಿಯಲ್ಲಿ ಇದಕ್ಕೆ ದಾರಿ ಇದೆ. ‘ಗೌಡರು ಮಾಸ್ತರರಿಗೆ ತಮ್ಮ ಮಗ ಪಾಸಾದನೆಂದು ಹೇಳಿದರು’ ಎಂದರೆ ಮಗ ಗೌಡರವನೇ. ‘ಅವರ ಮಗ’ ಎಂದರೆ ಮಾಸ್ತರರವನೋ, ಬೇರೆಯವರವನೋ ಎಂದು ಕೇಳಬೇಕಾಗುತ್ತದೆ. ‘ತಾನು’, ‘ತಮ್ಮ’ ಎಂಬ ಈ ಅನುಕೂಲ ಇಂಗ್ಲಿಷಿನ ‘ಹಿಸ್’ಗೆ ಇಲ್ಲ. ಅದಲ್ಲದೆ ನಮ್ಮ ಜನ ‘ಅಂತ’ ಸೇರಿಸಿ ಆಡಿದ ಮಾತನ್ನು ಆಡಿದಂತೆಯೇ ಹೇಳುತ್ತಾರೆ. ಹಾಗೆಂದು ಕನ್ನಡದಲ್ಲಿ ಗೊಂದಲವೇ ಇಲ್ಲವೆಂದಲ್ಲ. ‘ಕೊಡಲಿ ಕಲ್ಲಿಗೆ ಬಡೀತು, ಅದು ಒಡೀತು’ ಎಂದರೆ ನಾವೂ ‘ಯಾವುದು?’ ಎಂದು ಕೇಳಲೇಬೇಕು.

‘ಹಿ’ ಎಂದರೆ ಯಾರೆಂಬ ಪ್ರಶ್ನೆ ಕಾಯ್ದೆ ಬರೆಯುವವರಿಗೂ ಬಂದಿತ್ತು. ಪುಲ್ಲಿಂಗದ ಪದಗಳು ಸ್ತ್ರೀಯರಿಗೂ ಅನ್ವಯಿಸುತ್ತವೆ ಎಂದು 1897ರ ಜನರಲ್ ಕ್ಲಾಸಸ್ ಕಾಯ್ದೆಯ 13ನೆಯ ಕಲಮಿನಲ್ಲಿ ಬರೆದಿಡಬೇಕಾಯಿತು. ಸರ್ವನಾಮ ಚಿಕ್ಕದು, ಆದರೆ ಹೊಲದ ಪಾಲು, ಸಾಲದ ಹೊಣೆ ಅದರ ಮೇಲೆ ನಿಲ್ಲಬಹುದು.

ಮರುದಿನ ತರಗತಿಯಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕಿತ್ತು. ಒಪ್ಪಿಕೊಳ್ಳಲಿಲ್ಲ. ಆ ಹುಡುಗ ಇಂಗ್ಲಿಷಿನಲ್ಲಿ ನಪಾಸಾಗಿ ಒಕ್ಕಲುತನಕ್ಕೆ ಹೋದ. ಎಷ್ಟೋ ವರ್ಷಗಳ ಮೇಲೆ ಸಂತೆಯಲ್ಲಿ ಸಿಕ್ಕಾಗ, “ಅವತ್ತು ನೀ ಕೇಳಿದ್ದು ಖರೇ ಇತ್ತಪಾ, ತಪ್ಪು ನಂದು” ಎಂದೆ. ಅವನು ನಕ್ಕು, “ಹೋಗ್ಲಿ ಬಿಡ್ರಿ ಸರ್, ನನ್ನ ಮಗಳು ನಿಮ್ಮ ಸಾಲಿಗೇ ಬರ್ತಾಳ, ಆಕಿ ಕೇಳಿದ್ರ ಹೇಳ್ರಿ” ಎಂದ.

ಆಕೆ ಕೇಳಿದಳು. ನಾನು ಹೇಳಿದೆ. ಇಂದು ಈ ಶಾಲೆಯಲ್ಲಿ ಕಲಿಸುವ ಗುರುಗಳಲ್ಲಿ ನನ್ನದೊಂದೇ ವಿನಂತಿ: ಹಿಂದಿನ ಸಾಲಿನ ಮಗು ಎದ್ದು ನಿಂತರೆ ಮೊದಲು ಅದರ ಪ್ರಶ್ನೆಯನ್ನು ಪೂರ್ತಿ ಕೇಳಿರಿ.